‘ಬೇಹದ್’: ಮೊದಲ ಕಂತು ನಮ್ಮಿಂದ ಕೇಳುವುದೇನು?



2016ರ ಅಕ್ಟೋಬರ್ 11ರಂದು ಸೋನಿ ವಾಹಿನಿಯಲ್ಲಿ ‘ಬೇಹದ್’ ಎಂಬ ಹಿಂದಿ ಧಾರಾವಾಹಿಯ ಮೊದಲ ಕಂತು ಪ್ರಸಾರವಾಯಿತು. ಅತ್ತೆ-ಸೊಸೆಯರ ಜಗಳದಿಂದ ಬೇಸತ್ತವರಿಗೆ ಅದು ಹೊಸತಾಗಿ ಕಂಡದ್ದು ಸಹಜ. ಜೆನ್ನಿಫರ್ ವಿಂಗೆಟ್ ನಟಿಸಿದ ಮಾಯಾ ಸಿರಿವಂತೆ, ಅಧಿಕಾರದಿಂದ ಮಾತಾಡುವವಳು. ಕುಶಾಲ್ ಟಂಡನ್ ನಟಿಸಿದ ಅರ್ಜುನ್ ಛಾಯಾಗ್ರಾಹಕ. ಅವಳು ಅವನನ್ನು ಪ್ರೀತಿಸುತ್ತಾಳೆ ಎನ್ನುವುದಕ್ಕಿಂತ ತನ್ನ ಸೊತ್ತಾಗಿಸಿಕೊಳ್ಳುತ್ತಾಳೆ ಎನ್ನುವುದೇ ಸರಿ.

ಹೆಸರನ್ನೇ ನೋಡಿರಿ. ‘ಹದ್ದ್’ ಅರಬೀ ಪದ. ಎಲ್ಲೆ, ಮೇರೆ ಎಂದರ್ಥ. ಪಾರಸಿಯ ‘ಬೇ’ ಸೇರಿದಾಗ ಎಲ್ಲೆಯಿಲ್ಲದ್ದು ಎಂದಾಯಿತು. ಈ ಪದ ಕನ್ನಡಕ್ಕೂ ಪರಕೀಯವಲ್ಲ. ‘ಹದ್ದುಬಸ್ತಿನಲ್ಲಿಡು’, ‘ಹದ್ದು ಮೀರಬೇಡ’ ಎಂದು ನಮ್ಮ ಹಿರಿಯರು ಮಕ್ಕಳನ್ನು ಗದರಿದ್ದು ಇದೇ ಪದದಿಂದ. ಗದರಿಕೆಯ ಆ ಮಾತು ಇಲ್ಲಿ ಪ್ರೇಮದ ಬಿರುದಾಗಿದೆ.

ಯಾವ ಧಾರಾವಾಹಿಗಾದರೂ ಮೊದಲ ಕಂತೆಂದರೆ ವೀಕ್ಷಕನೊಂದಿಗಿನ ಕರಾರು. ಯಾರ ದುಃಖ ನಮ್ಮದಾಗಬೇಕು, ಯಾರ ತಪ್ಪನ್ನು ನಾವು ಮನ್ನಿಸಬೇಕು ಎಂಬುದು ಅಲ್ಲಿಂದಲೇ ಆರಂಭ. ಮಾಯಾ ಬಾಲ್ಯದಲ್ಲಿ ತಂದೆಯಿಂದಲೇ ನೊಂದವಳೆಂದು ಕಥೆ ಹೇಳುತ್ತದೆ. ಆ ನೋವು ಸುಳ್ಳಲ್ಲ. ಅಂತಹ ಮಕ್ಕಳು ನಮ್ಮ ಓಣಿಗಳಲ್ಲೂ ಇದ್ದಾರೆ, ನಾವು ಅವರ ಬಗ್ಗೆ ಮಾತಾಡುವುದಿಲ್ಲ ಅಷ್ಟೆ. ಆದರೆ ಆ ನೋವನ್ನೇ ಇನ್ನೊಬ್ಬನ ಬದುಕನ್ನು ಕಟ್ಟಿಹಾಕುವ ಪರವಾನಗಿಯೆಂದು ಒಪ್ಪುವುದು ಹೇಗೆ? 1993ರ ‘ಡರ್’ ಚಿತ್ರದಲ್ಲಿ ಹೆಣ್ಣೊಬ್ಬಳ ಬೆನ್ನುಹತ್ತಿದ್ದು ಶಾರುಖ್ ಖಾನ್ ಪಾತ್ರ. ಆಗಲೂ ಹಲವರ ಮರುಕ ಬೆನ್ನುಹತ್ತಿದವನ ಮೇಲೆಯೇ!

ತೆರೆಯ ಮೇಲೆ ಇಲ್ಲಿ ಹೆಣ್ಣು ಬೆನ್ನುಹತ್ತಿದ್ದಾಳೆ. ಕಾನೂನು ಕಂಡ ವಾಸ್ತವ ಬೇರೆ. 2013ರಲ್ಲಿ ದಂಡಸಂಹಿತೆಗೆ 354-ಡಿ ಕಲಮು ಸೇರಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು. ಹೆಣ್ಣು ಬೇಡವೆಂದರೂ ಪುರುಷನು ಮತ್ತೆ ಮತ್ತೆ ಹಿಂಬಾಲಿಸುವುದು, ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಅಪರಾಧ. ಮೊದಲ ಬಾರಿಗೆ 3 ವರ್ಷ, ಮರುಕಳಿಸಿದರೆ 5 ವರ್ಷದವರೆಗೆ ಸಜೆಯುಂಟು.

ಮನೆಗಳಲ್ಲಿ ನಡೆಯುತ್ತಿರುವುದೇನು? ನಿಶ್ಚಿತಾರ್ಥವಾದ ಹುಡುಗ ದಿನಕ್ಕೆ ಹತ್ತು ಸಲ ಕರೆಮಾಡಿ ‘ಎಲ್ಲಿದ್ದೀ, ಜತೆಗೆ ಯಾರು’ ಎಂದು ವಿಚಾರಿಸಿದರೆ, ‘ಎಷ್ಟು ಪ್ರೀತಿ ನೋಡಿ’ ಎಂದು ನಾವು ನಗುತ್ತೇವೆ. ಅವನು ಮೊಬೈಲಿನ ಪಾಸ್‌ವರ್ಡ್ ಕೇಳಿದ ದಿನ ಹುಡುಗಿಯ ಮುಖವನ್ನು ಗಮನಿಸಿದವರಾರು?

ಟಿ.ವಿ.ಯನ್ನೇ ಒಡೆದುಹಾಕಿರಿ ಎನ್ನುವವರ ಸಾಲಿನಲ್ಲಿ ನಾವಿಲ್ಲ. ಇಂತಹ ಧಾರಾವಾಹಿಯ ಮೊದಲ ಕಂತನ್ನು ಮಕ್ಕಳ ಜತೆ ಕುಳಿತೇ ನೋಡಿರಿ. ನಡುವೆ ಜಾಹೀರಾತು ಬಂದಾಗ ಒಂದು ಪ್ರಶ್ನೆ ಕೇಳಿರಿ: ಈ ಅರ್ಜುನನಿಗೆ ‘ಬೇಡ’ ಎನ್ನುವ ಅವಕಾಶವಿದೆಯೇ, ಮಗಳೇ?