ನರಕೋಶಗಳ ನಂಟು ಮತ್ತು ಕಾಕತಾಲೀಯ ನ್ಯಾಯ



ಕಾಗೆ ಬಂದು ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು; ಕಾಗೆಯೇ ಹಣ್ಣನ್ನು ಕೆಡವಿತೆಂದು ನೋಡಿದವನು ಸಾರಿದ. ಇದು ನಮ್ಮವರು ಹೇಳುವ ಕಾಕತಾಲೀಯ ನ್ಯಾಯ. ಮಿದುಳನ್ನು ಪರೀಕ್ಷಿಸುವ ವಿಜ್ಞಾನಿಗಳನ್ನೂ ಈ ಕಾಗೆ ಬಿಟ್ಟಿಲ್ಲ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ವಿದ್ಯುತ್ತಿನ ಮಿಡಿತಗಳಿಂದ ಕೆಲಸ ಮಾಡುತ್ತವೆ. ಒಂದು ಮಿಡಿತದ ಆಯುಸ್ಸು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಭಾಗ. ಪ್ರಾಣಿಯ ಮಿದುಳಿನಲ್ಲಿ ಸೂಕ್ಷ್ಮವಾದ ತಂತಿಗಳನ್ನಿರಿಸಿ ಎರಡು ಕೋಶಗಳ ಮಿಡಿತವನ್ನು ಒಟ್ಟಿಗೆ ದಾಖಲು ಮಾಡುವುದುಂಟು. ಎರಡೂ ಪದೇ ಪದೇ ಒಂದೇ ಕ್ಷಣದಲ್ಲಿ ಮಿಡಿದರೆ ಅವುಗಳ ನಡುವೆ ನಂಟಿದೆಯೆನ್ನಬಹುದೆ?

ಅವಸರ ಸಲ್ಲದು. ಕಣ್ಣಿಗೆ ಬೆಳಕು ತೋರಿಸಿದಾಗ ಎರಡೂ ಆ ಬೆಳಕಿಗೇ ಓಗೊಟ್ಟಿರಬಹುದು. ಶಾಲೆಯ ಗಂಟೆ ಬಾರಿಸಿದೊಡನೆ ಇಬ್ಬರು ಹುಡುಗರು ಎದ್ದರೆ ಅವರೊಳಗೆ ಸಂಚಿದೆಯೆಂದು ಹೇಳಲಾದೀತೆ? ಇದಕ್ಕೆ 1967ರಲ್ಲಿ ಪರ್ಕೆಲ್, ಗರ್ಸ್ಟೈನ್, ಮೂರ್ ಎಂಬವರು ಉಪಾಯವೊಂದನ್ನು ಸೂಚಿಸಿದರು. ಒಂದು ಕೋಶದ ಈ ಸಲದ ದಾಖಲೆಯನ್ನು ಇನ್ನೊಂದು ಕೋಶದ ಮುಂದಿನ ಸಲದ ದಾಖಲೆಯೊಡನೆ ಹೋಲಿಸುವುದು. ಆಗಲೂ ಕಾಣುವ ಹೊಂದಿಕೆ ಬೆಳಕಿನದು; ಅದನ್ನು ಕಳೆದು ಉಳಿದದ್ದು ಕೋಶಗಳ ನಂಟೆಂದು ಎಣಿಕೆ.

ಇಷ್ಟೇ ಸಾಲದೆಂದು 1999ರಲ್ಲಿ ಕಾರ್ಲೋಸ್ ಬ್ರೋಡಿ ತೋರಿಸಿಕೊಟ್ಟರು. ನನ್ನದೊಂದು ತಪ್ಪನ್ನು ಹೇಳಿದರೆ ಇದು ತಿಳಿದೀತು. ನನ್ನ ತರಗತಿಯ ಇಬ್ಬರು ಹುಡುಗರು ಆಗಾಗ ತಡವಾಗಿ ಬರುತ್ತಿದ್ದರು. ಹಾಜರಿ ಪುಸ್ತಕ ತೆಗೆದು ನೋಡಿದೆ. ಒಬ್ಬನ ಸೋಮವಾರ ಇನ್ನೊಬ್ಬನ ಮಂಗಳವಾರಕ್ಕೆ ಹೊಂದಲಿಲ್ಲ. ಆದರೆ ಒಬ್ಬನು ತಡವಾದ ದಿನವೇ ಇನ್ನೊಬ್ಬನೂ ತಡ! ಮಾತಾಡಿಕೊಂಡೇ ಮಾಡಿದ ಕಳ್ಳಾಟವೆಂದು ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿದೆ. ಆಮೇಲೆ ತಿಳಿಯಿತು: ಊರು ಬೇರೆ ಬೇರೆ, ಪರಸ್ಪರ ಮಾತೂ ಇಲ್ಲ, ಇಬ್ಬರೂ ಹತ್ತುವ ಬಸ್ಸು ಮಾತ್ರ ಒಂದೇ. ಅದು ತಡವಾದ ದಿನ ಇಬ್ಬರೂ ತಡ.

ನರಕೋಶಗಳಲ್ಲೂ ಹೀಗೆಯೇ. ಸಲದಿಂದ ಸಲಕ್ಕೆ ಪ್ರಾಣಿಯ ಎಚ್ಚರ ಏರಿಳಿದರೆ ಎರಡು ಕೋಶಗಳೂ ಒಟ್ಟಿಗೆ ಚುರುಕಾಗಬಹುದು, ಒಟ್ಟಿಗೆ ಮಂದವಾಗಬಹುದು. ದಾಖಲೆಗಳನ್ನು ಸರಿಸಿ ಕಳೆಯುವ ಲೆಕ್ಕಕ್ಕೆ ಈ ಹೊಂದಿಕೆ ಸಿಕ್ಕದು. ನಂಟಿಲ್ಲದ ಕಡೆ ನಂಟು ಕಾಣುತ್ತದೆ. ಆದುದರಿಂದ ಪ್ರತಿ ಸಲವೂ ಮಿಡಿತಗಳೆಷ್ಟು, ಅವು ಮೊದಲಾದ ಹೊತ್ತು ಯಾವುದು, ಎರಡು ಕೋಶಗಳಲ್ಲೂ ಇವು ಜೊತೆಯಾಗಿ ಬದಲಾದುವೇ ಎಂಬುದನ್ನು ಮೊದಲು ನೋಡಬೇಕು.

ಹುಡುಗರನ್ನು ಕರೆದು ತಪ್ಪಾಯಿತಪ್ಪ ಎಂದೆ, ಅವರು ನಕ್ಕುಬಿಟ್ಟರು. ಮಿದುಳಿನ ನಕ್ಷೆಯಲ್ಲಿ ಸೇರಿದ ತಪ್ಪು ಅಷ್ಟು ಸುಲಭವಾಗಿ ತೀರದು. ಅದನ್ನು ನಂಬಿ ಮುಂದಿನವರೂ ದಾರಿ ತಪ್ಪುತ್ತಾರೆ. ನೀವೂ ಎಲ್ಲಿಯಾದರೂ ಎರಡು ಸಂಗತಿಗಳನ್ನು ಜೊತೆಯಾಗಿ ಕಂಡರೆ, ತೀರ್ಪು ಕೊಡುವ ಮುನ್ನ ಬಸ್ಸನ್ನು ವಿಚಾರಿಸಿರಿ.