ಬರೆಯುವ ಮಕ್ಕಳ ಮೊದಲ ಓದುಗರು ಯಾರು?

(ದಂಡಿಗನಹಳ್ಳಿಯಲ್ಲಿ ಜರಗಿದ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಭೆ ಆರಂಭವಾಗುವ ಮುನ್ನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದು, 'ನನಗೆ ಕಥೆ ಬರೆಯುವ ಆಸೆಯಿದೆ. ಆದರೆ ನಮ್ಮಂಥವರ ಬದುಕಿನಲ್ಲಿ ಬರೆಯುವಂಥದ್ದು ಏನಿದೆ? ಬರೆದರೂ ಓದುವವರು ಯಾರು?' ಎಂದು ಕೇಳಿದಳು. ನಾನು ಸಿದ್ಧಪಡಿಸಿಕೊಂಡು ಬಂದ ಭಾಷಣವನ್ನು ಬದಿಗಿಟ್ಟು ಈ ಪ್ರಶ್ನೆಗೇ ಉತ್ತರಿಸಲು ಯತ್ನಿಸುತ್ತೇನೆ. ಏಕೆಂದರೆ ಇದು ಅವಳೊಬ್ಬಳ ಪ್ರಶ್ನೆಯಲ್ಲ.

ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮದೇ ಜಿಲ್ಲಾ ಕೇಂದ್ರವಾದ ಹಾಸನದಲ್ಲಿ 1948ರಲ್ಲಿ ಹುಟ್ಟಿದ ಬಾನು ಮುಷ್ತಾಕ್ ಅವರ ಬದುಕನ್ನೇ ನೋಡಿ. ಅವರ ತಂದೆ ಸರಕಾರಿ ನೌಕರರು. ಮಗಳಿಗೆ ಎಂಟು ವರ್ಷವಾದಾಗ ಅವರು ಆಕೆಯನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದರು. ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಬಾಲಕಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆಕೆಯ ಪ್ರತಿಭೆಯನ್ನು ನಾವು ಕೊಂಡಾಡುತ್ತೇವೆ, ಸರಿ. ಆದರೆ ಅವಳಿಂದ ಇದು ಸಾಧ್ಯವೆಂದು ಮೊದಲು ನಂಬಿದ್ದು ತಂದೆ ಎಂಬುದನ್ನು ಮರೆಯುತ್ತೇವೆ.

ಮುಂದಿನ ದಾರಿ ಸುಗಮವಾಗಿರಲಿಲ್ಲ. ತಾವೇ ಮೆಚ್ಚಿದವರನ್ನು 26ನೆಯ ವಯಸ್ಸಿನಲ್ಲಿ ಮದುವೆಯಾದ ಬಳಿಕ ಅವರು ಮನೆಯ ನಾಲ್ಕು ಗೋಡೆಗಳ ನಡುವೆ ಸಿಲುಕಿದರು. ಹೆರಿಗೆಯ ನಂತರದ ಖಿನ್ನತೆ ಅವರನ್ನು ಕಾಡಿತು. ಜೀವವೇ ಬೇಡವೆನಿಸಿದ ಒಂದು ಗಳಿಗೆಯಲ್ಲಿ ಪತಿ ಮಗುವನ್ನು ಅವರ ಪಾದದ ಬಳಿ ಇಟ್ಟು, ನಮ್ಮನ್ನು ಬಿಟ್ಟು ಹೋಗಬೇಡ ಎಂದು ಅಂಗಲಾಚಿದ್ದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆತ್ಮವಿಶ್ವಾಸವನ್ನು ಹುಟ್ಟಿನಿಂದಲೇ ಹೊತ್ತು ತಂದವರಿಗೆ ಮಾತ್ರ ಬರವಣಿಗೆ ಎಂದು ತಿಳಿದಿರುವ ಮಕ್ಕಳು ಈ ಸಂಗತಿಯನ್ನು ನೆನಪಿಡಬೇಕು.

ಅವರು ಬರೆದದ್ದಾದರೂ ಏನನ್ನು? ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿ, ನಂತರ ವಕೀಲೆಯಾಗಿ ತಾವು ಕಂಡ ಹೆಣ್ಣುಮಕ್ಕಳ ಬದುಕನ್ನು. ನಮ್ಮ ಬೀದಿ, ನಮ್ಮ ಅಡುಗೆಮನೆ, ನಮ್ಮ ತವರು, ನಮ್ಮ ತಲಾಕು. 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ ಹನ್ನೆರಡನ್ನು ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಅನುವಾದಿಸಿದರು. ಆ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. 50,000 ಪೌಂಡುಗಳ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ಸಮನಾಗಿ ಹಂಚಿಕೊಂಡರು. ಆಗ ಲೇಖಕಿಗೆ 77 ವರ್ಷ. 'ನಮ್ಮ ಬದುಕಿನಲ್ಲಿ ಬರೆಯುವಂಥದ್ದು ಏನಿದೆ?' ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?

ಬಂಧುಗಳೇ, ಇಲ್ಲಿ ಒಂದು ಕಹಿ ಮಾತನ್ನೂ ಹೇಳಲೇಬೇಕು. ಪ್ರಶಸ್ತಿ ಬಂದಾಗ ನಾವೆಲ್ಲರೂ 'ನಮ್ಮವರು' ಎಂದೆವು. ಆದರೆ 2000ದಲ್ಲಿ, ಮಸೀದಿಯಲ್ಲಿ ಮಹಿಳೆಯರಿಗೂ ನಮಾಝ್ ಮಾಡುವ ಹಕ್ಕಿದೆ ಎಂದಾಗ ಇದೇ ಲೇಖಕಿಗೆ ಬೆದರಿಕೆಯ ಕರೆಗಳು ಬಂದವು, ಬಹಿಷ್ಕಾರ ಹಾಕಲಾಯಿತು. ಚೂರಿ ಹಿಡಿದು ಬಂದವನೊಬ್ಬನನ್ನು ತಡೆದದ್ದು ಅವರ ಪತಿ. ಅಂದು ನಮ್ಮಲ್ಲಿ ಎಷ್ಟು ಮಂದಿ ಅವರನ್ನು ನಮ್ಮವರು ಎಂದಿದ್ದೆವು? ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಬರಹಕ್ಕೆ ಬರಹದಿಂದ ಉತ್ತರಿಸಬಹುದು. ಬೆದರಿಕೆಯಿಂದ ಉತ್ತರಿಸಿದರೆ ಬಾಯಿ ಮುಚ್ಚುವುದು ಒಬ್ಬರಲ್ಲ. ಅದನ್ನು ನೋಡುತ್ತಾ ನಿಂತ ನೂರು ಮಂದಿ ಹುಡುಗಿಯರು ತಮ್ಮ ನೋಟ್‌ಬುಕ್ಕನ್ನು ಟ್ರಂಕಿನಡಿ ಸೇರಿಸುತ್ತಾರೆ.

ತಡವಾಯಿತೆಂದು ಕೊರಗುವ ತಾಯಂದಿರಿಗೂ ಒಂದು ಮಾತು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಬರಹ ಪತ್ರಿಕೆಯಲ್ಲಿ ಮೊದಲು ಪ್ರಕಟವಾದಾಗ ಅವರಿಗೆ ಸುಮಾರು 45 ವರ್ಷ. ಅಷ್ಟರಲ್ಲಿ ಅವರು ಮಕ್ಕಳನ್ನು ಬೆಳೆಸಿದ್ದರು. ಆ ಬಳಿಕವೇ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಬಂದದ್ದು. 2023ರಲ್ಲಿ ಅವರು ನಿಧನರಾದಾಗ ಕನ್ನಡ ನಾಡು ತನ್ನ ಹಿರಿಯ ಲೇಖಕಿಯೊಬ್ಬರನ್ನು ಕಳೆದುಕೊಂಡಿತು.

ಇನ್ನು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನನ್ನ ತಂಗಿ ಶಾಲಾ ದಿನಗಳಲ್ಲಿ ಕವನ ಬರೆಯುತ್ತಿದ್ದಳು. ಒಮ್ಮೆ ಅದನ್ನು ನೆಂಟರ ಮುಂದೆ ಗಟ್ಟಿಯಾಗಿ ಓದಿ ನಕ್ಕವನು ನಾನು. ಅನಂತರ ಅವಳು ಬರೆಯಲಿಲ್ಲ. ಇಂದು ಕೇಳಿದರೆ, 'ಅದೆಲ್ಲ ಮಕ್ಕಳಾಟ' ಎನ್ನುತ್ತಾಳೆ. ಅದು ಮಕ್ಕಳಾಟವಾಗಿತ್ತೋ ಅಲ್ಲವೋ ಎಂದು ತಿಳಿಯುವ ಅವಕಾಶವನ್ನೇ ನಾನು ಕಸಿದುಕೊಂಡೆ.

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಮಗ ಅಥವಾ ಮಗಳು ಬರೆದುದನ್ನು, ಚಿತ್ರಿಸಿದುದನ್ನು ತೋರಿಸಿದಾಗ ನಗಬೇಡಿ. ಕುಳಿತು ಓದಿ. ತಿಳಿಯದಿದ್ದರೆ ಕೇಳಿ. ದಿನಕ್ಕೆ ಒಂದು ಗಂಟೆ ಅವಳನ್ನು ಮನೆಗೆಲಸಕ್ಕೆ ಕರೆಯಬೇಡಿ. ಗ್ರಂಥಾಲಯಕ್ಕೆ ಹೋಗುತ್ತೇನೆಂದರೆ ಜತೆಗೆ ಹೋಗಿ.

ಪ್ರಶ್ನೆ ಕೇಳಿದ ಮಗಳೇ, ಮೊದಲು ಆತ್ಮವಿಶ್ವಾಸ ಬರಲಿ, ಆಮೇಲೆ ಬರೆಯುತ್ತೇನೆ ಎಂದು ಕಾಯಬೇಡ. ಹತ್ತು ಪುಟ ಬರೆದ ಮೇಲೆ ಅದು ಸ್ವಲ್ಪ ಬರುತ್ತದೆ. ಹರಿದು ಮತ್ತೆ ಬರೆದಾಗ ಇನ್ನಷ್ಟು ಬರುತ್ತದೆ. ಇಂದು ರಾತ್ರಿ ನಿನ್ನ ಅಜ್ಜಿಯ ಬಳಿ ಕುಳಿತು, ಮದುವೆಯಾಗಿ ಅವರು ಈ ಊರಿಗೆ ಬಂದ ದಿನ ಏನಾಯಿತೆಂದು ಕೇಳು. ಅವರು ಹೇಳಿದಂತೆಯೇ ಬರೆದಿಡು. ಓದುವವರು ಯಾರೆಂದು ಕೇಳಿದೆಯಲ್ಲ, ನಿನ್ನ ತಂದೆ ಈ ಸಭೆಯಲ್ಲೇ ಕುಳಿತಿದ್ದಾರೆ. ಮೊದಲು ಅವರು ಓದಲಿ.