ಪರದೆಯ ಪಕ್ಕದಲ್ಲಿ ಕೂರುವವರು ಯಾರು?



2020ರ ಮಾರ್ಚ್‌ನಲ್ಲಿ ಕರ್ನಾಟಕದ ಶಾಲೆಗಳು ಮುಚ್ಚಿದಾಗ ಕಲಿಸುವ ಹೊಣೆ ಸದ್ದಿಲ್ಲದೆ ಮನೆಗಳ ಹೆಗಲಿಗೇರಿತು. ಜೂನ್‌ನಲ್ಲಿ ಸರ್ಕಾರ ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಚರ್ಚೆಯ ಬಹುಪಾಲು ಪರದೆ ಬೇಕೇ ಬೇಡವೇ ಎಂಬುದರ ಸುತ್ತಲೇ ನಡೆಯಿತು. ಪರದೆಯ ಪಕ್ಕದಲ್ಲಿ ಕೂತು ಅರ್ಥವಾಗದ್ದನ್ನು ಬಿಡಿಸಿ ಹೇಳುವವರು ಯಾರು ಎಂಬ ಪ್ರಶ್ನೆ ಬದಿಗೆ ಸರಿಯಿತು.

ಆ ವರ್ಷವೇ ‘ಅಸರ್’ ಸಮೀಕ್ಷೆಯವರು ದೇಶದ ಗ್ರಾಮೀಣ ಕುಟುಂಬಗಳನ್ನು ದೂರವಾಣಿಯಲ್ಲಿ ಮಾತನಾಡಿಸಿದರು. ಶಾಲಾ ಮಕ್ಕಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರ ಪ್ರಮಾಣ 2018ರ ಶೇ. 36.5ರಿಂದ ಶೇ. 61.8ಕ್ಕೆ ಏರಿತ್ತು. ಸಂಭ್ರಮಿಸಬಹುದಾದ ಅಂಕಿಯೇ. ಆದರೆ ಹೆಚ್ಚು ಓದಿದ ತಂದೆತಾಯಿಯರ ಮಕ್ಕಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಮನೆಯವರ ನೆರವು ಸಿಕ್ಕಿದ್ದರೆ, ಕಡಿಮೆ ಓದಿದವರ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಮಾತ್ರ ಅದು ದೊರೆತಿತ್ತು. ಅಂಥ ಮನೆಗಳಲ್ಲಿ ಎಷ್ಟೋ ವೇಳೆ ಅಕ್ಕನೋ ಅಣ್ಣನೋ ಮೇಷ್ಟರಾಗಬೇಕಾಯಿತು. ಇದನ್ನು ‘ಪೋಷಕರ ನಿರಾಸಕ್ತಿ’ ಎಂದು ಕರೆಯುವುದು ಅನ್ಯಾಯ. ಕೂಲಿ ಮುಗಿಸಿ ಬಂದ ತಾಯಿಗೆ ಮಗುವಿನ ಭಿನ್ನರಾಶಿ ತಿಳಿಯದಿದ್ದರೆ, ಒಂದು ಕಾಲಕ್ಕೆ ಅವಳಿಗೂ ಶಾಲೆ ಸಿಕ್ಕಿರಲಿಲ್ಲ ಎಂದಷ್ಟೇ ಅದರ ಅರ್ಥ.

ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಈ ಸತ್ಯಕ್ಕೆ ಹತ್ತಿರ ಬಂದಿತ್ತು. ಯಾರ ಮನೆಯಲ್ಲಿ ಯಾವ ಸಾಧನವಿದೆ ಎಂದು ನೋಡಿ ಮಕ್ಕಳನ್ನು ಗುಂಪು ಮಾಡಲಾಯಿತು. ಶಿಕ್ಷಕರು ದೇವಸ್ಥಾನದ ಜಗುಲಿಗೆ, ಮರದ ನೆರಳಿಗೆ ಹೋಗಿ ಕಲಿಸಿದರು. ಸೋಂಕಿನ ವರದಿಗಳ ನಡುವೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು, ಹೊಸ ವರ್ಷದವರೆಗೆ. 2021ರ ಆರಂಭದಲ್ಲಿ ಗ್ರಾಮೀಣ ಕರ್ನಾಟಕದ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಶೇ. 9.8, 2018ರಲ್ಲಿ ಅದು ಶೇ. 19.2 ಇತ್ತು. ಆಗಲೂ ಹೆಮ್ಮೆಪಡುವ ಸ್ಥಿತಿಯೇನೂ ಇರಲಿಲ್ಲವೆನ್ನಿ.

ಹೊರದೇಶದ ಕನ್ನಡಿಗರು ಊರಿನ ಶಾಲೆಗೆ ಟ್ಯಾಬ್ಲೆಟ್ ಕೊಡಿಸುವುದು ಒಳ್ಳೆಯದೇ. ಫೋಟೊ ಕೂಡ ಚೆನ್ನಾಗಿ ಬರುತ್ತದೆ. ಆದರೆ ಆ ಹಣದ ಒಂದು ಪಾಲು, ಸಂಜೆ ಎರಡು ಗಂಟೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೂತು ಮಕ್ಕಳ ಸಂದೇಹ ಬಿಡಿಸುವ ಊರಿನದೇ ಪದವೀಧರೆಗೆ ಗೌರವಧನವಾಗಿ ಸಂದರೆ ಆ ಟ್ಯಾಬ್ಲೆಟ್‌ಗೂ ಕೆಲಸ ಸಿಕ್ಕೀತು. ಇದು ದಾನಿಗಳ ಕೆಲಸವಲ್ಲ, ಸರ್ಕಾರದ್ದು ಎಂಬ ಆಕ್ಷೇಪ ನ್ಯಾಯವಾದದ್ದು. ಹಾಗಿದ್ದರೆ ದೇಣಿಗೆಯ ಚೆಕ್ಕಿನ ಜೊತೆಗೇ ಆ ಬೇಡಿಕೆಯ ಪತ್ರವೂ ಶಿಕ್ಷಣ ಇಲಾಖೆಗೆ ಹೋಗಲಿ, ಊರಿನ ಶಾಲಾಭಿವೃದ್ಧಿ ಸಮಿತಿಯಲ್ಲಿರುವ ತಾಯಂದಿರ ಸಹಿಯೊಂದಿಗೆ.